ಬೋರ್ಡಿನೊಳಗಿನ ಅಕ್ಕ

ಕಿಟಕಿ ಅಕ್ಕನಿಗೆ ಒಂದು ಕಡೆ ಕೂತು ಅಭ್ಯಾಸವೇ ಇರಲಿಲ್ಲ. ಮನೆಯಲ್ಲೂ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಉಣ್ಣುವವಳು. 'ಕಾಲಿಗೆ ಚಕ್ರ ಕಟ್ಕೊಂಡಿದೀಯಾ?' ಎಂದು ಗಂಡ ಗದರಿದರೆ, 'ಹೂಂ, ಬ್ರೇಕ್ ಮಾತ್ರ ಇಲ್ಲ' ಎನ್ನುವಳು.

ಹನ್ನೊಂದು ವರ್ಷದಿಂದ ಅವಳದು ನಿಂತೇ ಮಾಡುವ ಕೆಲಸ. ಕಾರಿನಿಂದ ಇಳಿಯದೆ ತಿಂಡಿ ಕಟ್ಟಿಸಿಕೊಂಡು ಹೋಗುವವರಿಗೆಂದೇ ಇದ್ದ ಅಂಗಡಿ ಅದು. ಹೆದ್ದಾರಿಯಿಂದ ತಿರುಗಿದ ಕಾರು ಕಟ್ಟಡದ ಹಿಂಬದಿಗೆ ಬಂದು, ಬರ್ಗರಿನ ಚಿತ್ರಗಳಿರುವ ದೊಡ್ಡ ಬೋರ್ಡಿನ ಮುಂದೆ ನಿಲ್ಲುತ್ತದೆ. ಬೋರ್ಡಿನ ಕೆಳಗೆ ಒಂದು ಸ್ಪೀಕರು, ಒಂದು ಮೈಕು. ಒಳಗೆ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡವರು ನಮಸ್ಕಾರ ಹೇಳಿ, ಆರ್ಡರ್ ಕೇಳಿ, ಯಂತ್ರಕ್ಕೆ ಒತ್ತುತ್ತಾರೆ. ಕಾರು ಮೂಲೆ ತಿರುಗಿ ಕಿಟಕಿಗೆ ಬರುವಷ್ಟರಲ್ಲಿ ಪೊಟ್ಟಣ ಸಿದ್ಧವಿರಬೇಕು. ಆ ಕಿಟಕಿಯಲ್ಲಿ ವರ್ಷಗಟ್ಟಲೆ ನಿಂತಿದ್ದರಿಂದ ಅವಳಿಗೆ ಆ ಹೆಸರು.

ದಿನಕ್ಕೆ ಐನೂರು ಆರುನೂರು ನಮಸ್ಕಾರ. ಸಂಜೆ ಮನೆಗೆ ಹೋದಾಗ ಗಂಟಲೊಳಗೆ ಮರಳು ಸುರಿದ ಹಾಗಿರುತ್ತಿತ್ತು. ಆದ್ದರಿಂದ ಮುಖ್ಯ ಕಚೇರಿಯಿಂದ ಒಬ್ಬ ತರಬೇತಿದಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, 'ಇನ್ಮೇಲೆ ಸ್ವಾಗತ ಮೊದಲೇ ರೆಕಾರ್ಡ್ ಮಾಡಿಟ್ಟಿರುತ್ತೆ, ಕಾರು ನಿಂತ ತಕ್ಷಣ ತಾನೇ ಮಾತಾಡುತ್ತೆ' ಎಂದಾಗ ಅವಳಿಗೆ ಖುಷಿಯೇ ಆಯಿತು.

ಎಣ್ಣೆಯ ಸದ್ದು ಬೀಳಬಾರದೆಂದು ಆತ ಅವಳನ್ನು ಉಗ್ರಾಣದೊಳಗೆ ಲೋಟಗಳ ಪೆಟ್ಟಿಗೆಗಳ ನಡುವೆ ನಿಲ್ಲಿಸಿದ. ಮುಖ್ಯ ಕಚೇರಿಯವರು ಬರೆದುಕೊಟ್ಟಿದ್ದ ಸಾಲು ಹೀಗಿತ್ತು: 'ನಮಸ್ಕಾರ, ಬನ್ನಿ ಬನ್ನಿ! ನಿಮಗಾಗಿಯೇ ಕಾಯ್ತಾ ಇದ್ದೆ. ಮಧ್ಯಾಹ್ನದ ವಿಶೇಷ ಕೇಳೋಕೆ ಮರೀಬೇಡಿ!'

'ನಗ್ತಾ ಹೇಳಿ ಮೇಡಂ. ನಕ್ಕಿದ್ದು ಧ್ವನಿಯಲ್ಲಿ ಗೊತ್ತಾಗುತ್ತೆ' ಎಂದ ತರಬೇತಿದಾರ.

ಐದನೇ ಸಲಕ್ಕೆ ಸರಿಹೋಯಿತು. ಹೊರಡುವ ಮುನ್ನ ಆತ ಮ್ಯಾನೇಜರಿಗೆ ಎರಡು ಮಾತು ಒತ್ತಿ ಹೇಳಿದ್ದ. ರೆಕಾರ್ಡು ಮುಗಿದ ಮರುಕ್ಷಣವೇ ಒಳಗಿನವರು ಮಾತಾಡಬೇಕು, ಒಂದೇ ಉಸಿರಿನ ಹಾಗೆ. ಯಾರ ಪಾಳಿಯೋ ಅವರದೇ ಧ್ವನಿ ಇರಬೇಕು. ಆದರೆ ಆ ದಿನ ಬೆಳಗಿನ ಪಾಳಿಯ ಟೀಚರಮ್ಮ ರಜೆಯಲ್ಲಿದ್ದಳು. ಎಣ್ಣೆ ಅಣ್ಣನಂತೂ ರೆಕಾರ್ಡು ಎಂದೊಡನೆ ಶೈತ್ಯಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. (ಅವನು ಒಂದು ಹನಿ ಹೆಂಡವೂ ಕುಡಿಯುವವನಲ್ಲ, ಫ್ರೈಸ್ ಕರಿಯುವ ಎಣ್ಣೆಯ ಮುಂದೆ ನಿಲ್ಲುವವನು, ಅಷ್ಟೆ.) 'ಹೋಗ್ಲಿ ಬಿಡಿ, ಅಕ್ಕನ ಧ್ವನಿ ಜೇನಿನ ಹಾಗಿದೆ, ಮೂರು ಪಾಳಿಗೂ ಅದೇ ಸಾಕು' ಎಂದು ಮ್ಯಾನೇಜರು ತೀರ್ಮಾನಿಸಿಬಿಟ್ಟರು.

ಮೊದಲ ವಾರ ಗಂಟಲಿಗೆ ಹಾಯೆನಿಸಿತು. ಬೋರ್ಡು ಮಾತಾಡುವ ಆ ನಾಲ್ಕು ಸೆಕೆಂಡಿನಲ್ಲಿ ಹಿಂದಿನ ಕಾರಿನ ಪೊಟ್ಟಣ ಕಟ್ಟಿ ಮುಗಿಸಬಹುದಿತ್ತು, ಒಂದು ಗುಟುಕು ನೀರು ಕುಡಿಯಬಹುದಿತ್ತು. ಆದರೆ ಒಂದು ದಿನ ಹನ್ನೊಂದರ ಪಾಳಿಗೆ ಬಸ್ಸಿಳಿದು ಕಾರಿನ ದಾರಿ ದಾಟುತ್ತಿರುವಾಗ ಅವಳದೇ ಧ್ವನಿ ಬೋರ್ಡಿನಿಂದ, 'ನಿಮಗಾಗಿಯೇ ಕಾಯ್ತಾ ಇದ್ದೆ' ಎಂದು ಯಾರಿಗೋ ಹೇಳಿತು. ಅವಳು ಕೈಚೀಲ ಎದೆಗೊತ್ತಿಕೊಂಡು ಅಲ್ಲೇ ನಿಂತಳು. ಆಮೇಲೆ ತನ್ನಷ್ಟಕ್ಕೆ ನಕ್ಕು ಒಳಗೆ ಹೋದಳು.

ಅದಾಗಿ ನಾಲ್ಕನೇ ದಿನ ಟೀಚರಮ್ಮ ಹೆಡ್‌ಸೆಟ್ ಬಿಚ್ಚಿಕೊಡುತ್ತಾ ಕೇಳಿದಳು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವಳು. ಏನು ಕೇಳಿದರೂ ಪ್ರಶ್ನೆಪತ್ರಿಕೆ ಓದಿದ ಹಾಗಿರುತ್ತಿತ್ತು.

'ನಿನಗೆ ತಂಗಿ ಇದಾಳಾ?'

ಕಿಟಕಿ ಅಕ್ಕ ಹೆಡ್‌ಸೆಟ್ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. 'ಯಾಕೆ?'

'ಬೂದು ಬಣ್ಣದ ಸಣ್ಣ ಕಾರು. ಎಂಟೂವರೆಗೆ ಬರ್ತಾಳೆ. ಬೋರ್ಡು ನಮಸ್ಕಾರ ಅಂದ ಕೂಡಲೇ, ಅಕ್ಕಾ ನಾನು ಅಂತಾಳೆ. ನಾನು, ಹೇಳಿ ಮೇಡಂ ಅಂದ್ರೆ ಮಾತೇ ಇಲ್ಲ. ಕಿಟಕಿ ಹತ್ರ ಬಂದು ಒಳಗೆಲ್ಲ ಇಣುಕಿ ನೋಡಿ ಹೊರಟುಹೋಗ್ತಾಳೆ. ಹೋದ ವಾರ ಎರಡು ಸಲ. ತಲೆ ಸರಿ ಇಲ್ಲ ಅಂದ್ಕೊಂಡು ಸುಮ್ಮನಿದ್ದೆ. ಇವತ್ತು ಮತ್ತೆ ಬಂದಿದ್ಲು.'

'ಇವತ್ತು ಏನಂದ್ಲು?'

ಟೀಚರಮ್ಮ ಕನ್ನಡಕ ಒರೆಸಿಕೊಂಡಳು. '"ಸರಿ ಬಿಡು ಅಕ್ಕ, ಇನ್ನು ಬರಲ್ಲ" ಅಂದ್ಲು.'

ತಂಗಿ ಅವಳೊಡನೆ ಮಾತು ಬಿಟ್ಟು ಒಂದು ವರ್ಷ ಎರಡು ತಿಂಗಳಾಗಿತ್ತು. ಆಗ ಕಿಟಕಿ ಅಕ್ಕನದು ಬೆಳಗಿನ ಪಾಳಿ. ಎಂಟೂವರೆಯ ನೂಕುನುಗ್ಗಲು, ಬೋರ್ಡಿನ ಮುಂದೆ ಹದಿನಾಲ್ಕು ಕಾರು. ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗಿತು. ನಾಲ್ಕು ತಿಂಗಳ ಬಸುರಿ ತಂಗಿ, ಮನೆಯಲ್ಲಿ ಒಬ್ಬಳೇ, ಬಚ್ಚಲಮನೆಯ ನೆಲದ ಮೇಲೆ ಕೂತು ಕರೆ ಮಾಡಿದ್ದಳು. 'ಅಕ್ಕಾ' ಎಂದಿದ್ದಳು ಅಷ್ಟೆ. ಇವಳು ಗಿರಾಕಿಗಳೊಡನೆ ಆಡುವ ಅದೇ ನಗುವ ಧ್ವನಿಯಲ್ಲಿ, 'ಒಂದು ನಿಮಿಷ ಕಾಯ್ತೀರಾ ಪ್ಲೀಸ್' ಎಂದು ಫೋನನ್ನು ಜೇಬಿಗೆ ಹಾಕಿಕೊಂಡಳು. ಮತ್ತೆ ಅದನ್ನು ತೆಗೆದು ನೋಡಿದ್ದು ಐವತ್ತು ನಿಮಿಷದ ಮೇಲೆ. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ದಿದ್ದರು. ಮಗು ಉಳಿಯಲಿಲ್ಲ. ಬೇಗ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ತಂಗಿಯ ಸಿಟ್ಟು ಅದಕ್ಕಲ್ಲ. 'ನನ್ನನ್ನ ಗಿರಾಕಿ ಥರ ಮಾತಾಡಿಸಿದೆ. ನನ್ನ ಮನೆ ಬಾಗಿಲಿಗೆ ಬರಬೇಡ' ಎಂದಿದ್ದಳು. ಅಕ್ಕ ಫೋನ್ ಮಾಡಿದರೆ ಆ ಕಡೆಯಿಂದ ಎತ್ತುವವರಿರಲಿಲ್ಲ. ಆಮೇಲೆ ಇವಳು ಬೆಳಗಿನ ಪಾಳಿಯಲ್ಲಿ ನಿಲ್ಲಲಾಗದೆ ಹನ್ನೊಂದರ ಪಾಳಿ ಕೇಳಿ ಹಾಕಿಸಿಕೊಂಡಳು. ಅದು ತಂಗಿಗೆ ಗೊತ್ತಿಲ್ಲ.

ಈಗ ಎಲ್ಲ ಅರ್ಥವಾಯಿತು. ತಂಗಿ ತಾನಾಗಿ ಬಂದಿದ್ದಾಳೆ. ಬೋರ್ಡಿನಲ್ಲಿ ಅಕ್ಕನ ಧ್ವನಿ, ನಿಮಗಾಗಿಯೇ ಕಾಯ್ತಾ ಇದ್ದೆ ಎಂದಿದೆ. ಅಕ್ಕಾ ಎಂದು ಕರೆದ ಕೂಡಲೇ ಬೇರೆ ಹೆಂಗಸಿನ ಧ್ವನಿ, ಹೇಳಿ ಮೇಡಂ ಎಂದಿದೆ. ಅಕ್ಕ ಗುರುತು ಹಿಡಿದು ಹೆಡ್‌ಸೆಟ್ಟನ್ನು ಇನ್ನೊಬ್ಬರಿಗೆ ದಾಟಿಸಿ ಒಳಗೆ ಅಡಗಿಕೊಂಡಳು ಎಂದಲ್ಲದೆ ಅವಳು ಇನ್ನೇನೆಂದುಕೊಳ್ಳಬೇಕು? ಅದೂ ಮೂರು ಸಲ!

ಆ ದಿನ ಕಿಟಕಿ ಅಕ್ಕ ಎರಡು ಪೊಟ್ಟಣ ಅದಲುಬದಲು ಮಾಡಿದಳು. ಕಾಫಿ ಕೇಳಿದವರಿಗೆ ತಣ್ಣನೆಯ ಜ್ಯೂಸು ಕೊಟ್ಟಳು. ಬೋರ್ಡಿನಲ್ಲಿ ತನ್ನ ಧ್ವನಿ ಕೇಳಿದಾಗಲೆಲ್ಲ ಕೈಕೆಲಸ ಬಿಟ್ಟು ಕಿಟಕಿಯಾಚೆ ಬಗ್ಗಿ ನೋಡಿದಳು. ಮೂರು ಗಂಟೆಗೆ ಜನ ಕರಗಿದಾಗ ಮ್ಯಾನೇಜರ ಕೋಣೆಗೆ ಹೋದಳು.

'ಸರ್, ನನ್ನ ಧ್ವನಿ ನಾನಿಲ್ಲದಾಗ ಹಾಕಬೇಡಿ.'

'ಯಾಕಮ್ಮಾ? ಎಲ್ಲರೂ ಹೊಗಳ್ತಿದಾರೆ.'

'ನಾನಿಲ್ಲ. ಇದ್ದೀನಿ ಅಂತ ಅದು ಹೇಳುತ್ತೆ. ಸುಳ್ಳಲ್ವಾ?'

'ಬಾಗಿಲಿಗೆ ಸುಸ್ವಾಗತ ಅಂತ ಬರೆದು ತೂಗುಹಾಕ್ತೀವಿ. ಅದೂ ಸುಳ್ಳಾ? ಮುಂದಿನ ತಿಂಗಳು ತರಬೇತಿದಾರ ಬರ್ತಾನೆ, ಆಗ ನೋಡೋಣ' ಎಂದು ಮ್ಯಾನೇಜರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು.

ಮುಂದಿನ ಎರಡು ದಿನ ಅವಳು ಎಂಟು ಗಂಟೆಗೇ ಬಂದು ಬೋರ್ಡಿನ ಪಕ್ಕ, ಕಸದ ಡಬ್ಬಿಯ ಹತ್ತಿರ ನಿಂತಳು. ಬೂದು ಬಣ್ಣದ ಕಾರು ಬಂದಾಗಲೆಲ್ಲ ಬಗ್ಗಿ ನೋಡಿದಳು. ಯಾರೋ ಗಂಡಸು ಗಾಬರಿಯಾಗಿ ಗಾಜು ಏರಿಸಿಕೊಂಡ. 'ಭಿಕ್ಷೆ ಬೇಡೋಕೆ ನಿಂತಿದೀಯಾ ಅಂದ್ಕೋತಾರೆ, ಒಳಗೆ ಬಾ' ಎಂದು ಎಣ್ಣೆ ಅಣ್ಣ ಹಿಂಬಾಗಿಲಿನಿಂದ ಕೂಗಿದ. ತಂಗಿಯ ಕಾರು ಬರಲಿಲ್ಲ. ಬರುವುದಿಲ್ಲ ಎಂದು ಹೇಳಿಯೇ ಹೋಗಿದ್ದಳಲ್ಲ.

ಮೂರನೇ ದಿನ ಭಾನುವಾರ, ಅವಳ ವಾರದ ರಜೆ. ಬೆಳಿಗ್ಗೆ ಹೇಳದೆ ಕೇಳದೆ ಹೊರಟು, ಎರಡು ಬಸ್ಸು ಬದಲಾಯಿಸಿ, ತಂಗಿಯ ಮನೆಯ ಮೂರು ಮಹಡಿ ಮೆಟ್ಟಿಲು ಹತ್ತಿದಳು. ಗಂಟೆ ಒತ್ತಲು ಎತ್ತಿದ ಬೆರಳು ಎರಡು ಸಲ ಹಿಂದೆ ಬಂತು. ಮೂರನೇ ಸಲಕ್ಕೆ ಒತ್ತಿದಳು.

ತಂಗಿಯೇ ಬಾಗಿಲು ತೆರೆದಳು. ತಲೆಗೂದಲು ಒದ್ದೆ, ಕೈಯಲ್ಲಿ ಬಾಚಣಿಗೆ. ಒಳಗೆ ಬಾ ಎನ್ನಲಿಲ್ಲ.

'ಯಾಕೆ ಬಂದೆ?'

'ನೀನು ಅಂಗಡಿಗೆ ಬಂದಿದ್ಯಂತೆ.'

'ಬಂದಿದ್ದೆ. ನಿನ್ನ ದರ್ಶನ ಸಿಗ್ಲಿಲ್ಲ.'

'ಅಲ್ಲಿ ಮಾತಾಡಿದ್ದು ನಾನಲ್ಲ ಕಣೇ. ಅದು ರೆಕಾರ್ಡು.'

ತಂಗಿ ಅವಳ ಮುಖವನ್ನೇ ನೋಡಿದಳು. 'ಎರಡು ಬಸ್ಸು ಹತ್ಕೊಂಡು ಬಂದಿದೀಯ, ದಾರಿಯಲ್ಲಿ ಇದಕ್ಕಿಂತ ಒಳ್ಳೆ ಸುಳ್ಳು ಹೊಳೀಲಿಲ್ವಾ?'

'ನಿನ್ನಾಣೆ! ನನ್ನ ಪಾಳಿ ಹನ್ನೊಂದಕ್ಕೆ. ನೀನು ಬಂದಾಗ ನಾನು ಮನೇಲಿ ಪಾತ್ರೆ ತೊಳೀತಿದ್ದೆ.'

'ನನಗೆ ನಿನ್ನ ಧ್ವನಿ ಗೊತ್ತಾಗಲ್ವಾ? ನಿಮಗಾಗಿಯೇ ಕಾಯ್ತಾ ಇದ್ದೆ ಅಂದೆ. ನನಗೆ... ನನಗೇ ಹೇಳಿದೆ ಅಂದ್ಕೊಂಡೆ ಅಕ್ಕ. ಅಕ್ಕಾ ನಾನು ಅಂದೆ. ಆಮೇಲೆ ಇನ್ಯಾರನ್ನೋ ಬಿಟ್ಟೆ ನನ್ನ ಮೇಲೆ.'

ಕಿಟಕಿ ಅಕ್ಕನಿಗೆ ಮಾತಿನಲ್ಲಿ ಇದು ಬಗೆಹರಿಯುವುದಿಲ್ಲ ಎನಿಸಿತು. 'ಕಾರಿನ ಕೀ ತಗೋ. ಈಗಲೇ ಹೋಗೋಣ. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ನನ್ನ ಧ್ವನಿ ಅಲ್ಲಿ ಮಾತಾಡುತ್ತೋ ಇಲ್ವೋ ನೋಡು. ಮಾತಾಡದಿದ್ರೆ ನನ್ನನ್ನ ಹೆದ್ದಾರಿಯಲ್ಲಿ ಇಳಿಸಿ ಬಾ.'

ದಾರಿಯುದ್ದಕ್ಕೂ ತಂಗಿ ಗೇರು ಬದಲಿಸುವಾಗ ಅಕ್ಕನ ಮೊಣಕಾಲಿಗೆ ಕೈ ತಗುಲಿದರೆ ಬೆಂಕಿ ಮುಟ್ಟಿದಂತೆ ಎಳೆದುಕೊಳ್ಳುತ್ತಿದ್ದಳು. ಅಕ್ಕ ಸೀಟ್ ಬೆಲ್ಟಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳಿಗೆ ಹೊಸದೊಂದು ಭಯ ಹುಟ್ಟಿತ್ತು: ಮ್ಯಾನೇಜರು ಮನಸ್ಸು ಬದಲಿಸಿ ಇವತ್ತೇ ರೆಕಾರ್ಡು ತೆಗೆದುಹಾಕಿದ್ದರೆ?

ಕಾರು ಬೋರ್ಡಿನ ಮುಂದೆ ನಿಂತಿತು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

'ನಮಸ್ಕಾರ, ಬನ್ನಿ ಬನ್ನಿ!' ಎಂದಿತು ಬೋರ್ಡು, ಅಕ್ಕನದೇ ಧ್ವನಿಯಲ್ಲಿ. 'ನಿಮಗಾಗಿಯೇ ಕಾಯ್ತಾ ಇದ್ದೆ. ಮಧ್ಯಾಹ್ನದ ವಿಶೇಷ ಕೇಳೋಕೆ ಮರೀಬೇಡಿ!'

ತಂಗಿ ಬೋರ್ಡನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಬೋರ್ಡನ್ನು ನೋಡಿದಳು.

'ಹೇಳಿ ಮೇಡಂ' ಎಂದಳು ಒಳಗಿನಿಂದ ಟೀಚರಮ್ಮ.

ಅಕ್ಕ ತಂಗಿಯ ತೊಡೆಯ ಮೇಲೆ ಬಾಗಿ ಮೈಕಿನ ಕಡೆ ಕೂಗಿದಳು. 'ಟೀಚರಮ್ಮಾ, ನಾನು!'

'ಅಯ್ಯೋ ಶಿವನೇ! ನೀನು ಬೋರ್ಡಿನ ಒಳಗಿದೀಯೋ ಹೊರಗಿದೀಯೋ?'

ತಂಗಿಗೆ ಬಾಯಿತಪ್ಪಿ ನಗು ಬಂದುಬಿಟ್ಟಿತು. ಅದನ್ನು ತಡೆಯಲು ಹೋಗಿ ಕೆಮ್ಮಿದಳು. ಹಿಂದಿನ ಕಾರಿನವನು ಹಾರನ್ ಬಜಾಯಿಸಿದ. ಕಿಟಕಿಯಲ್ಲಿ ಟೀಚರಮ್ಮ ಕೇಳದೆಯೇ ಎರಡು ಕಾಫಿ ಕೈಗಿತ್ತು, 'ಇವಳೇನಾ?' ಎಂದು ಕಣ್ಣಿನಲ್ಲೇ ವಿಚಾರಿಸಿದಳು. ಅಕ್ಕ ತಲೆಯಾಡಿಸಿದಳು.

ತಂಗಿ ಕಾರನ್ನು ನಿಲುಗಡೆಯ ಮೂಲೆಗೆ ಒಯ್ದು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ.

'ಇದು ರೆಕಾರ್ಡು. ಒಪ್ಕೊಂಡೆ' ಎಂದಳು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, 'ಅವತ್ತು ರೆಕಾರ್ಡ್ ಇರ್ಲಿಲ್ಲ ಅಲ್ವಾ?' ಎಂದು ಕೇಳಿದಳು.

'ಇರ್ಲಿಲ್ಲ.'

'ಅವತ್ತು ಹೇಳಿದ್ದು ನೀನೇ.'

ಅಕ್ಕನ ನಾಲಿಗೆಯ ತುದಿಗೆ ಹದಿನಾಲ್ಕು ಕಾರುಗಳು ಬಂದು ನಿಂತವು. ಆ ಗದ್ದಲ, ಆ ಹೊಸ ಯಂತ್ರ, ರಜೆಯಲ್ಲಿದ್ದ ಇನ್ನೊಬ್ಬ ಕೆಲಸದವಳು. ವರ್ಷವಿಡೀ ಮನಸ್ಸಿನಲ್ಲಿ ಜೋಡಿಸಿಟ್ಟ ಸಮಜಾಯಿಷಿಗಳು. ಎಲ್ಲವನ್ನೂ ನುಂಗಿಕೊಂಡಳು.

'ಹೂಂ. ನಾನೇ ಹೇಳಿದ್ದು' ಎಂದಳು. 'ನೀನು ಅಕ್ಕಾ ಅಂದಿದ್ದು ಕಿವಿಗೆ ಬಿತ್ತು. ನನಗೆ ಕೇಳಿಸ್ಲಿಲ್ಲ.'

ತಂಗಿ ಕಾಫಿಯ ಮುಚ್ಚಳವನ್ನು ತೆಗೆದಳು, ಹಾಕಿದಳು. ಕುಡಿಯಲಿಲ್ಲ. 'ನಾನ್ಯಾಕೆ ಬಂದಿದ್ದೆ ಅಂತ ಕೇಳಲ್ವಾ?'

'ಯಾಕೆ?'

'ನಾಲ್ಕು ತಿಂಗಳು ತುಂಬ್ತಾ ಬಂತು, ಮತ್ತೆ. ಗುರುವಾರ ಸ್ಕ್ಯಾನಿಂಗ್ ಇದೆ. ಇವರು ಕೆಲಸದ ಮೇಲೆ ಬೇರೆ ಊರಲ್ಲಿದಾರೆ. ರಾತ್ರಿಯೆಲ್ಲ ನಿದ್ದೆ ಬರಲ್ಲ. ಬೆಳಿಗ್ಗೆ ಆಫೀಸಿಗೆ ಹೋಗ್ತಾ ಕಾರು ತಾನಾಗೇ ಇಲ್ಲಿ ತಿರುಗ್ತಿತ್ತು.'

ಅಕ್ಕ ಅವಳ ಕೈ ಹಿಡಿಯಲು ಹೋಗಿ ಕಾಫಿ ಚೆಲ್ಲಿದಳು. ಇಬ್ಬರೂ ಕಾಗದದಿಂದ ಸೀಟು ಒರೆಸಿದರು. ಒರೆಸುತ್ತಲೇ ಅಕ್ಕ, 'ಗುರುವಾರ ನಾನು ಬರ್ತೀನಿ' ಎಂದಳು.

'ನಿನಗೆ ಪಾಳಿ ಇಲ್ವಾ?'

'ಇದೆ.'

'ಮತ್ತೆ?'

'ಬರ್ತೀನಿ ಅಂದ್ನಲ್ಲ.'

ಮರುದಿನ ಕಿಟಕಿ ಅಕ್ಕ ಒಂಬತ್ತು ಗಂಟೆಗೇ ಮ್ಯಾನೇಜರ ಮುಂದೆ ನಿಂತಳು. 'ಸರ್, ಎರಡು ವಿಷಯ. ಗುರುವಾರ ನನಗೆ ರಜೆ ಬೇಕು. ಇನ್ನೊಂದು, ನೀವು ಹತ್ತು ನಿಮಿಷ ನಿಮ್ಮ ಕಾರಲ್ಲಿ ಗಿರಾಕಿ ಆಗಬೇಕು.'

'ನಾನಾ? ಯಾಕೆ?'

'ಹೋಗಿ ಸರ್. ಆಮೇಲೆ ಏನಾದ್ರೂ ಬೈಯಿರಿ.'

ಮ್ಯಾನೇಜರು ಗೊಣಗುತ್ತಾ ಹೋದರು. ಒಳಗೆ ಕೆಲಸದವರೆಲ್ಲ ಅಡುಗೆಮನೆಯ ಸಣ್ಣ ಸ್ಪೀಕರಿಗೆ ಕಿವಿಗೊಟ್ಟರು. ಕಾರು ನಿಂತ ಸದ್ದು. 'ನಮಸ್ಕಾರ, ಬನ್ನಿ ಬನ್ನಿ!' 'ಹಾಂ, ನಾನೇ ಕಣಮ್ಮಾ, ಒಂದು ಕಾಫಿ...' ಎಂದು ಮ್ಯಾನೇಜರು ಶುರುಮಾಡಿದರು. ರೆಕಾರ್ಡು ಅವರ ಮಾತಿನ ಮೇಲೆಯೇ ಹರಿದುಹೋಗಿ, ಬೆಳಿಗ್ಗೆ ಒಂಬತ್ತಕ್ಕೆ ಮಧ್ಯಾಹ್ನದ ವಿಶೇಷ ಕೇಳಲು ಮರೆಯಬೇಡಿ ಎಂದಿತು. ಟೀಚರಮ್ಮ ಹೆಡ್‌ಸೆಟ್ ಬಿಚ್ಚಿಟ್ಟು ಕಿಟಕಿಯಲ್ಲಿ ಚಿಲ್ಲರೆ ಕೊಡುತ್ತಿದ್ದಳು. ಬೋರ್ಡಿನಲ್ಲಿ ಸದ್ದಿಲ್ಲ. 'ಹಲೋ? ಇದೀಯೇನಮ್ಮಾ?' ಎಂದರು ಮ್ಯಾನೇಜರು. ಮತ್ತೆ ಸದ್ದಿಲ್ಲ. ಕೊನೆಗೆ ಹತ್ತಿರವಿದ್ದ ಎಣ್ಣೆ ಅಣ್ಣ ಎದ್ದುಬಿದ್ದು ಹೆಡ್‌ಸೆಟ್ ಎಳೆದುಕೊಂಡು, ಕಳ್ಳನನ್ನು ಹಿಡಿದವನಂತೆ, 'ಹಾಂ! ಏನು?' ಎಂದು ಗುಡುಗಿದ.

ಮ್ಯಾನೇಜರು ಕಾರು ನಿಲ್ಲಿಸಿ ಒಳಗೆ ಬಂದಾಗ ಎಲ್ಲರೂ ನಗು ನುಂಗಿ ಕೆಲಸದಲ್ಲಿ ಮುಳುಗಿದ್ದರು. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

'ಕಾಯ್ತಾ ಇದ್ದೆ ಅಂತ ಹೇಳಿ ಕಾಯಿಸ್ತೀರಲ್ರೀ' ಎಂದರು. ಕಿಟಕಿ ಅಕ್ಕನ ಕಡೆ ತಿರುಗಿ, 'ಈಗ ನೀನೇ ಹೇಳು, ಹೇಗೆ ಮಾಡೋಣ?' ಎಂದರು.

ಅವಳು ಬಸ್ಸಿನಲ್ಲೇ ಯೋಚಿಸಿಟ್ಟಿದ್ದಳು. ಕಾಯುತ್ತಿದ್ದೆ ಎನ್ನುವುದು ಬೇಡ, ವಿಶೇಷವೂ ಬೇಡ. 'ನಮಸ್ಕಾರ, ಬನ್ನಿ' ಅಷ್ಟೇ ಸಾಕು. ಹೆಡ್‌ಸೆಟ್ ಯಾರ ತಲೆಯ ಮೇಲಿದೆಯೋ ಅವರ ಧ್ವನಿಯೇ ಇರಲಿ. ಅವರ ಕೈ ಬಿಡುವಾಗಿದ್ದರೆ ಮಾತ್ರ ರೆಕಾರ್ಡಿನ ಗುಂಡಿ ಒತ್ತಲಿ. ಇಲ್ಲದಿದ್ದರೆ ಬೋರ್ಡು ಸುಮ್ಮನಿರಲಿ, ಸುಮ್ಮನಿದ್ದರೆ ಯಾರಿಗೂ ಮೋಸವಿಲ್ಲ. ಎದುರಿನವರು ನಡುವೆ ಮಾತಾಡಿದರೆ ರೆಕಾರ್ಡು ನಿಲ್ಲಬೇಕು.

ಮ್ಯಾನೇಜರು ಮುಖ್ಯ ಕಚೇರಿಗೆ ಫೋನ್ ಹಚ್ಚಿ ತರಬೇತಿದಾರನನ್ನು ಹಿಡಿದರು. ರೆಕಾರ್ಡು ಬದಲಿಸುವುದು ಹೇಗೆಂದು ಕೇಳಿ ಬರೆದುಕೊಳ್ಳಲು ಐದು ನಿಮಿಷ ಸಾಕಾಯಿತು. ಅಷ್ಟು ದಿನ ಅವರು ಅದನ್ನು ಕೇಳಿರಲೇ ಇಲ್ಲ. ಮಧ್ಯಾಹ್ನ ಎಲ್ಲರೂ ಸರದಿಯಲ್ಲಿ ಉಗ್ರಾಣಕ್ಕೆ ಹೋದರು. ಟೀಚರಮ್ಮನ ನಮಸ್ಕಾರ ಹಾಜರಿ ಕರೆದಂತಿತ್ತು. ಎಣ್ಣೆ ಅಣ್ಣ ಹದಿನೇಳು ಸಲ ತಪ್ಪಿದ. ಹದಿನೆಂಟನೆಯ ಸಲ ಎಷ್ಟು ಮೆತ್ತಗೆ ಹೇಳಿದನೆಂದರೆ, ಕೇಳಿದ ಹೆಂಗಸರೆಲ್ಲ ಅವನನ್ನು ತಿರುಗಿ ನೋಡಿದರು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತಂಗಿಯನ್ನು ಒಳಗೆ ಕರೆದರು. ಜೊತೆಗೆ ಯಾರೂ ಬರುವಂತಿಲ್ಲ ಎಂದರು. ಅಕ್ಕ ಹೊರಗೆ ಗೋಡೆಯ ಮೇಲಿದ್ದ ಸೂಚನೆಗಳನ್ನೆಲ್ಲ ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದಳು. ಒಂದೂ ತಲೆಗೆ ಹತ್ತಲಿಲ್ಲ. ಬಾಗಿಲು ತೆರೆದಾಗಲೆಲ್ಲ ಮುಂದೆ ಹೋದಳು. ಬೇರೆ ಯಾರೋ ಬಂದರು. ಇಪ್ಪತ್ತು ನಿಮಿಷ ಎಂದಿದ್ದು ಮುಕ್ಕಾಲು ಗಂಟೆಯಾಯಿತು.

ಕೊನೆಗೆ ತಂಗಿ ಬಂದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

'ಏನಂದ್ರು?'

'ಎದೆಬಡಿತ ಚೆನ್ನಾಗಿದೆಯಂತೆ. ಜೋರಾಗಿ ಕೇಳಿಸಿದ್ರು. ಎಲ್ಲ ಸರಿಯಿದೆಯಂತೆ. ನಾಲ್ಕು ವಾರ ಬಿಟ್ಟು ಬರಬೇಕಂತೆ.'

ಅಕ್ಕ ಅಲ್ಲೇ ಗೋಡೆಗೆ ಒರಗಿಕೊಂಡಳು. ಕಣ್ಣೊರೆಸಿಕೊಂಡು, 'ಮುಂದಿನ ಸಲಾನೂ ರಜೆ ಹೇಳಿಡ್ತೀನಿ' ಎಂದಳು.

'ಬೇಡ. ಮುಂದಿನ ಸಲ ಇವರು ಇರ್ತಾರೆ.'

'ಸರಿ.'

ಇಬ್ಬರೂ ಮೆಟ್ಟಿಲಿಳಿದು ಹೊರಗೆ ಬಂದರು. ಬಿಸಿಲು ಕಣ್ಣಿಗೆ ರಾಚುತ್ತಿತ್ತು. ತಂಗಿ ಕಾರಿನ ಬಾಗಿಲು ತೆರೆದು, ಒಳಗೆ ಕೂರದೆ, ಸ್ಕ್ಯಾನಿಂಗಿನ ಚಿತ್ರವನ್ನು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು.

'ಇದರಲ್ಲಿ ತಲೆ ಯಾವುದೇ?'

'ನನಗೂ ಗೊತ್ತಾಗ್ಲಿಲ್ಲ. ಹೂಂ ಹೂಂ ಅಂತ ತಲೆ ಆಡಿಸಿ ಬಂದೆ' ಎಂದಳು ತಂಗಿ. ಅಕ್ಕನ ಹೆಗಲ ಪಕ್ಕ ಬಂದು ತಾನೂ ಬಗ್ಗಿ ನೋಡತೊಡಗಿದಳು.